ಹಿಮದ ಮೇಲಿನ ಹೆಜ್ಜೆ

ಹಿಮಾಲಯದ ಒಂದು ಮಗ್ಗುಲಲ್ಲಿ ಪುಟ್ಟ ಆಶ್ರಮ. ಅಲ್ಲಿದ್ದವರು ಇಬ್ಬರೇ: ನಿಜಗುಣಯ್ಯನೆಂಬ ವೃದ್ಧ ಗುರು, ಗುರುಪಾದನೆಂಬ ಶಿಷ್ಯ. ಇಬ್ಬರೂ ಕನ್ನಡ ನಾಡಿನ ಬಯಲುಸೀಮೆಯವರು. ಗುರುಗಳಿಗೆ ಅದು ಮೂವತ್ತನೆಯ ಚಳಿಗಾಲ, ಶಿಷ್ಯನಿಗೆ ಮೊದಲನೆಯದು.

ಬೆಟ್ಟದ ಆಚೆ ಒಂದು ಗವಿಯಲ್ಲಿ ಮುದುಕಿಯೊಬ್ಬಳು ತಪಸ್ಸಿಗೆ ಕೂತಿದ್ದಳು. ಅವಳಿಗೆ ಜ್ವರವೆಂದು ಕೇಳಿ ಗುರುಗಳು ಹಿಂದಿನ ದಿನ ಕಷಾಯ ಕೊಟ್ಟು ಬಂದಿದ್ದರು. ಬರುವಷ್ಟರಲ್ಲಿ ಅವರ ಮೊಣಕಾಲು ಬಾತಿತ್ತು.

"ಆಕಿ ಡಬ್ಬ್ಯಾಗ ಹಿಟ್ಟು ಇಲ್ಲ. ಇವತ್ತು ನೀ ಹೋಗು," ಎಂದರು. "ಬಿಸಿಲು ಬೀಳಲಿ, ಆಮ್ಯಾಲ ಹೊರಡು. ಕೋಲು ಊರಿ ನೋಡಿ ಕಾಲಿಡು."

ಹಸಿದವಳನ್ನು ಕಾಯಿಸುವುದು ಗುರುಪಾದನಿಗೆ ಸರಿ ಕಾಣಲಿಲ್ಲ. ಹಿಟ್ಟಿನ ಚೀಲ ಬೆನ್ನಿಗೇರಿಸಿ ನಸುಕಿನಲ್ಲೇ ಹೊರಟುಬಿಟ್ಟ.

ಇಳಿಜಾರಿಗೆ ಬಂದರೆ ಹಿಮದ ಮೇಲೆ ಗುರುಗಳ ಹೆಜ್ಜೆಗಳು ಸಾಲಾಗಿ ಮೂಡಿದ್ದವು. ಅವನ ಕಣ್ಣು ತುಂಬಿ ಬಂತು. ಗುರುವೇ ದಾರಿ ತೋರಿದ ಮೇಲೆ ಕೋಲಿನ ಹಂಗೇಕೆ? ಅದನ್ನು ಕಂಕುಳಲ್ಲಿ ಇರುಕಿಕೊಂಡ. ಹೆಸರೇ ಗುರುಪಾದ, ಗುರುವಿನ ಪಾದ ಬಿಟ್ಟು ಬೇರೆಡೆ ಕಾಲಿಡುವ ಆಸಾಮಿಯಲ್ಲ. ಮನಸ್ಸಿನಲ್ಲೇ ಶರಣು ಹೇಳುತ್ತ ಆ ಗುಳಿಗಳಲ್ಲೇ ಒಂದೊಂದಾಗಿ ಹೆಜ್ಜೆಯಿಟ್ಟ.

ಏಳನೆಯ ಹೆಜ್ಜೆಗೆ ಜಾರಿದ.

ಕೆಳಗೆ ಪ್ರಪಾತ. ಪೊದೆಯೊಂದರ ಬೇರು ಕೈಗೆ ಸಿಕ್ಕಿ ಜೀವ ಉಳಿಯಿತು. ಚೀಲ ಉಳಿಯಲಿಲ್ಲ.

ಮೈಯೆಲ್ಲ ತರಚಿಕೊಂಡು ಮರಳಿದವನನ್ನು ಗುರುಗಳು ಬೈಯಲಿಲ್ಲ. ಬಾತ ಮೊಣಕಾಲನ್ನೇ ಊರಿ ಕೂತು ಅವನ ಅಂಗೈಗೆ ಅರಿಶಿನ ಹಚ್ಚಿದರು. ಅದನ್ನು ನೋಡುವುದಕ್ಕಿಂತ ಬೈಗುಳವೇ ವಾಸಿಯಿತ್ತು ಅನಿಸಿತು ಗುರುಪಾದನಿಗೆ.

"ನನ್ನ ಭಕ್ತಿ ಕಡಿಮಿ ಬಿತ್ತೇನ್ರಿ, ಅಜ್ಜಾರ?"

ಗುರುಗಳು ಮಡಕೆಯಲ್ಲಿ ಉಳಿದಿದ್ದ ಹಿಟ್ಟನ್ನೆಲ್ಲ ಇನ್ನೊಂದು ಚೀಲಕ್ಕೆ ಸುರಿದು ಬಾಯಿ ಕಟ್ಟಿದರು. ಅದರಲ್ಲಿ ಅವರಿಬ್ಬರ ಪಾಲೂ ಇತ್ತು.

"ನಡಿ. ಇಳಿಜಾರಿನ ತನಕ ನಾನೂ ಬರ್ತೀನಿ."

"ನಡುವ ಮೋಡ ಕವಿದ್ರ?"

"ತಿರುಗಿ ಬರೂದು. ಹಸಿವು ಒಂದು ದಿನ ತಡಕೊಂತದ. ಪ್ರಪಾತ ತಡಕೊಳ್ಳಂಗಿಲ್ಲ."

ಕುಂಟುತ್ತ ಬಂದ ಗುರುಗಳು ಇಳಿಜಾರಿನ ಅಂಚಿನ ಬಂಡೆಯ ಮೇಲೆ ಕೂತರು. ಅಷ್ಟರಲ್ಲಿ ಬಿಸಿಲು ಹಿಮದ ಮೇಲೆ ಬಿದ್ದಿತ್ತು.

"ಮೊದಲು ನನ್ನ ಹೆಜ್ಜಿಗೆ ಕೋಲು ಊರು," ಎಂದರು.

ಗುರುಪಾದ ಊರಿದ. ಬಂಡೆಗೆ ಬಡಿದಂತೆ ಠಣ್ಣೆಂದಿತು. ನಿನ್ನೆ ಪಾದದಡಿ ಒತ್ತಿಹೋದ ಹಿಮ ರಾತ್ರಿಯ ಚಳಿಗೆ ಗಾಜಿನಂತಾಗಿತ್ತು.

"ಈಗ ಪಕ್ಕಕ್ಕ."

ಒಂದು ಗೇಣು ಆಚೆಗೆ ಊರಿದ. ಕೋಲು ಮೆತ್ತಗೆ ಇಳಿದು ಗಟ್ಟಿಯಾಗಿ ನಿಂತಿತು.

ಗುರುವಿನ ಹೆಜ್ಜೆಯನ್ನು ಬಿಟ್ಟು ಪಕ್ಕಕ್ಕೆ ಕಾಲಿಡಲು ಅವನಿಗೆ ಸಂಕಟವಾಯಿತು. ಆದರೂ ಇಟ್ಟ. ಪ್ರತಿಯೊಂದು ಹೆಜ್ಜೆಗೂ ಕೋಲು ಊರಿ, ಕೇಳಿ, ಆಮೇಲೆ ಭಾರ ಬಿಟ್ಟು, ಬಹಳ ಹೊತ್ತಿನ ಮೇಲೆ ಇಳಿಜಾರು ದಾಟಿದ.

ಮಧ್ಯಾಹ್ನ ಇಳಿಯುವ ಮೊದಲೇ ಹಿಟ್ಟು ಮುಟ್ಟಿಸಿ ಮರಳಿ ಬಂದ. ಮುದುಕಿ ಅವನೆದುರೇ ರೊಟ್ಟಿ ಸುಟ್ಟುಕೊಂಡು ಉಂಡಿದ್ದಳು. ಗುರುಗಳು ಅದೇ ಬಂಡೆಯ ಮೇಲೆ ದಾರಿಗೆ ಕಣ್ಣು ಕೀಲಿಸಿ ಕೂತಿದ್ದರು.

ಗುರುಪಾದ ಅವರ ಕಾಲ ಬಳಿ ಕುಸಿದು ಕೂತ. ಬೆಳಗಿನಿಂದ ಗಂಟಲಲ್ಲಿದ್ದ ಮಾತು ಹೊರಗೆ ಬಂತು.

"ಇದs ಹೆಜ್ಜಿ ನಿಮ್ಮನ್ನ ದಾಟಿಸ್ತು. ನಾ ಅದರಾಗs ಕಾಲಿಟ್ಟೆ, ಒಂದು ಬೆರಳೂ ಆಚೀಚೆ ಆಗಲಿಲ್ಲ. ನನ್ನ ಯಾಕ ಬೀಳಿಸ್ತು, ಅಜ್ಜಾರ?"

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ನಾ ಹೋದಾಗ ಅಲ್ಲಿ ಹಿಮ ಇತ್ತಪ್ಪ. ನೀ ಹೋದಾಗ ನನ್ನ ಹೆಜ್ಜಿ ಇತ್ತು."