ಬೆಕ್‌ದುರ್ದಿ ಖಾನ ಬಿಚ್ಚಿಸಿದ ಗಂಟು

"ಕೇಳಿರಪ್ಪೋ ಕೇಳಿರಿ! ಕಪ್ಪು ಮರಳಿನ ಒಡೆಯ ಬೆಕ್‌ದುರ್ದಿ ಖಾನರ ಅಪ್ಪಣೆ! ಖಾನರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವನು ಬಾಯಿಬಿಟ್ಟು ಕೇಳಿದ್ದನ್ನು ಕೊಡುತ್ತಾರೆ. ಒಂದು ತಪ್ಪಿದರೂ ತಲೆ ಈಟಿಗೆ, ಮುಂಡ ನರಿಗೆ!"

ಹೀಗಂತ ಡಂಗುರ ಹೊಡೆದವನ ದನಿ ಎಂಥಾದ್ದು ಅಂದರೆ, ಮರುಭೂಮಿಯ ಆ ತುದಿಯಲ್ಲಿ ಮಲಗಿದ್ದ ಒಂಟೆಗಳು ಎದ್ದು ನಿಂತವಂತೆ. ಅಂತೆ ಏನು ಬಂತು, ನಿಂತವು. ನನ್ನ ಮುತ್ತಜ್ಜ ಆಗ ಖಾನನ ಲಾಯದಲ್ಲಿ ಕುದುರೆ ತಿಕ್ಕುವವನು. ಅವನು ಕಂಡದ್ದಕ್ಕೆ ನಮ್ಮ ಮನೆತನದಲ್ಲಿ ಯಾರೂ ಒಂದು ಕೂದಲೆಳೆ ಸೇರಿಸಿ ಹೇಳಿದವರಲ್ಲ.

ತುರ್ಕಮೆನ್ನರಿಗೆ ಗುಡಾರವೇ ಮನೆ, ಕುದುರೆಯೇ ಕಾಲು. ಖಾನನ ಬಿಳಿ ಗುಡಾರದ ಮುಂದೆ ಈಟಿಗಳ ಬೇಲಿಯೇ ಎದ್ದಿತ್ತು, ಪ್ರತಿ ತುದಿಗೂ ಒಂದು ತಲೆ. ಕುರಿತುಪ್ಪಳದ ಟೋಪಿಯನ್ನೂ ತೆಗೆದಿರಲಿಲ್ಲ. ಗಾಳಿ ಬೀಸಿದರೆ ಆ ತಲೆಗಳು ಹೌದು ಹೌದು ಅನ್ನುವ ಹಾಗೆ ಆಡುತ್ತಿದ್ದವು. ಹದ್ದುಗಳು ತಿಂದು ತಿಂದು ಹಾರಲಾರದೆ ನಡೆದೇ ಗೂಡಿಗೆ ಹೋಗುತ್ತಿದ್ದವು.

ಆ ದಿನ ಬಂದವರು ಮೂವರು. ಒಬ್ಬ ಒರಾಜ್ ಅನ್ನುವ ಜಟ್ಟಿ. ಇನ್ನೊಬ್ಬ ಖೀವಾ ಪಟ್ಟಣದ ರೇಷ್ಮೆ ವ್ಯಾಪಾರಿಯ ಮಗ. ಅವರ ಹಿಂದೆ ಬರಿಗಾಲಲ್ಲಿ ನಿಂತವನು ಗಾರ್ಲಿ, ಒಂಟೆ ಕಾಯುವವನು. ಹಿಂದಿನ ಚಳಿಗಾಲ ಖಾನನ ಸವಾರರು ಅವನ ಹಟ್ಟಿಯ ಮೇಲೆ ಬಿದ್ದು, ಅಪ್ಪನ ಕುತ್ತಿಗೆ ಕೊಯ್ದು, ಅವ್ವನನ್ನು ಕುದುರೆಗೆ ಬಿಗಿದು ಎಳೆದೊಯ್ದಿದ್ದರು. ಅವಳು ಬದುಕಿದ್ದಾಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಬದುಕಿದ್ದರೆ ಅವಳು ಬೇಕು, ಅಷ್ಟೇ.

"ನೀನ್ಯಾಕೋ ಬಂದೆ?" ಒರಾಜ್ ನಕ್ಕ. "ನಿನ್ನ ಕೋಳಿ ಕುತ್ತಿಗೆ ಕಂಡರೆ ಕತ್ತಿಗೇ ನಾಚಿಕೆ."

"ನಿಮ್ಮದು ಮೊದಲಾಗಲಿ ಅಣ್ಣಾ, ಕತ್ತಿ ಹದವಾದೀತು," ಅಂದ ಗಾರ್ಲಿ.

ಖಾನ ಮೀಸೆ ತೀಡಿದ. "ಕೇಳಿ. ಸುಡುಬಿಸಿಲಲ್ಲೂ ಅವನು ಕಂಬಳಿ ಮೇಲೆ ಕಂಬಳಿ ಹೊದ್ದಿರುತ್ತಾನೆ. ಕೊಬ್ಬು ಕಲಸಿದ ತುತ್ತು ತಿನ್ನುತ್ತಾನೆ. ಬೆಳಿಗ್ಗೆ ಎದ್ದರೆ ಹೆಂಡತಿಗಿಂತ ಮೊದಲು ಅವನನ್ನು ಮಾತಾಡಿಸುತ್ತೇವೆ. ಎಲ್ಲ ಕೊಲೆಗೂ ಜೊತೆ ಬರುತ್ತಾನೆ, ಒಂದರ ಪಾಪವೂ ಅವನಿಗೆ ಅಂಟಿಲ್ಲ. ಯಾರವನು?"

ಒರಾಜ್ ಮುಂದೆ ನುಗ್ಗಿ ಬಗ್ಗಿದ. "ಒಡೆಯಾ, ಅದು ನೀವೇ ಅಲ್ಲವೆ!"

ಬಗ್ಗಿದ್ದು ಅನುಕೂಲವೇ ಆಯಿತು. ತಲೆ ಕಡಿಯುವ ಸಾಪಾರ್ ಒಂದೇ ಏಟಿಗೆ ಮುಗಿಸಿದ. ತಲೆ ಉರುಳುತ್ತಾ ಹೋಗುವಾಗಲೂ 'ಅಲ್ಲವೆ, ಅಲ್ಲವೆ' ಅನ್ನುತ್ತಿತ್ತು. ಮುತ್ತಜ್ಜನ ಕಾಲಿಗೆ ಬಡಿದ ಮೇಲೇ ಸುಮ್ಮನಾದದ್ದು.

"ಕುದುರೆ," ಅಂದ ಗಾರ್ಲಿ. "ನನ್ನಪ್ಪನ ಕೊಲೆಗೂ ಬಂದಿತ್ತು. ಆ ರಕ್ತ ಮೂಸಿ ಹಿಂದೆ ಸರಿದದ್ದು ಅದೊಂದೇ."

ಖಾನನ ಹುಬ್ಬು ಗಂಟಾಯಿತು. "ಎರಡನೆಯದು. ಹುಟ್ಟುವಾಗಲೇ ಲೆಕ್ಕವಿಲ್ಲದಷ್ಟು ಸಲ ಚಾಕು ತಗಲುತ್ತದೆ. ಕಬ್ಬಿಣದ ಹಲ್ಲು ಬಡಿಯುತ್ತದೆ. ಮೈಯೆಲ್ಲ ರಕ್ತದ ಬಣ್ಣ. ಹುಟ್ಟಿದ ಮೇಲೆ ಎಲ್ಲರೂ ತುಳಿಯುತ್ತಾರೆ, ತುಳಿದಷ್ಟೂ ಹೊಳೆಯುತ್ತದೆ. ಏನದು?"

"ರಣರಂಗ, ಮಹಾಪ್ರಭು!" ವ್ಯಾಪಾರಿಯ ಮಗನಿಗೆ ತನ್ನ ಜಾಣತನಕ್ಕೆ ತಾನೇ ಹಿಗ್ಗು. ಆ ಹಿಗ್ಗು ಮುಖದ ಮೇಲಿರುವಾಗಲೇ ತಲೆ ಈಟಿ ಏರಿತು. ರೇಷ್ಮೆ ನಿಲುವಂಗಿ ರಕ್ತದಲ್ಲಿ ತೊಯ್ದು, ಯಾವುದು ಬಣ್ಣ ಯಾವುದು ರಕ್ತ ಅಂತ ತಿಳಿಯದಾಯಿತು.

"ನೀವು ಕೂತಿರುವ ರತ್ನಗಂಬಳಿ," ಅಂದ ಗಾರ್ಲಿ. "ಅವ್ವ ಒಂದೊಂದು ಗಂಟು ಹಾಕಿದಾಗಲೂ ಚಾಕುವಿನಿಂದ ನೂಲು ಕತ್ತರಿಸುತ್ತಿದ್ದಳು, ಕಬ್ಬಿಣದ ಬಾಚಣಿಗೆಯಿಂದ ಬಡಿಯುತ್ತಿದ್ದಳು."

ಜನ ಗುಜುಗುಜು ಅಂದರು. ಖಾನನಿಗೆ ಸಿಟ್ಟು ಬಂತು, ಸಿಟ್ಟಿನ ಜೊತೆ ಹಸಿವೂ ಬಂತು. ಇಷ್ಟು ದಿನ ತಲೆಗಳೆಲ್ಲ ಬಿದ್ದ ಮೇಲೆಯೇ ಅವನು ರೊಟ್ಟಿ ಕಟ್ಟಿದ ಬಟ್ಟೆಯ ಗಂಟು ಬಿಚ್ಚಿಸುತ್ತಿದ್ದದ್ದು. ಅದಕ್ಕೆ ಕಾರಣವಿತ್ತು. ಆದರೆ ಸಿಟ್ಟು ನೆತ್ತಿಗೇರಿದವನಿಗೆ ಕಾರಣ ಎಲ್ಲಿ ನೆನಪಿರುತ್ತದೆ!

"ಗಂಟು ಬಿಚ್ಚಿರೋ! ಇವನ ತಲೆ ಉರುಳುವುದನ್ನು ನೋಡುತ್ತಾ ತಿನ್ನುತ್ತೇನೆ!"

ಬಟ್ಟೆ ಹಾಸಿದರು. ಒಲೆಯಿಂದ ಆಗಷ್ಟೇ ತೆಗೆದ ದಪ್ಪ ರೊಟ್ಟಿ, ಪಕ್ಕದಲ್ಲಿ ಉಪ್ಪು. ಬೇಯಿಸುವ ಮೊದಲು ರೊಟ್ಟಿಗೆ ಕೋಳಿಗರಿಯ ಕಡ್ಡಿಯಿಂದ ಚುಚ್ಚುವುದು ಅಲ್ಲಿನ ಪದ್ಧತಿ, ಒಂದೊಂದು ಮನೆಗೆ ಒಂದೊಂದು ಚಿತ್ತಾರ. ಗಾರ್ಲಿ ನೋಡಿದ. ಆ ಚಿತ್ತಾರ ಅವನು ಹುಟ್ಟಿದಾಗಿನಿಂದ ಕಂಡದ್ದು.

"ಮೂರನೆಯದು!" ಖಾನ ಗುಡುಗಿದ. "ಇದು ಕಬ್ಬಿಣವಲ್ಲ, ಕಲ್ಲಲ್ಲ. ಹಲ್ಲಿಲ್ಲದ ಮುದುಕಿಯೂ ಇದನ್ನು ಮುರಿದಾಳು. ಆದರೆ ತುರ್ಕಮೆನ್ನನ ಕತ್ತಿ ಇದನ್ನು ದಾಟಲಾರದು. ಹೇಳು!"

ಗಾರ್ಲಿ ಮುಂದೆ ಬಂದ. ಕೈಚಾಚಿ ರೊಟ್ಟಿ ಮುರಿದ, ಉಪ್ಪಿಗೆ ಒತ್ತಿದ, ತಿಂದ. ನಿಧಾನವಾಗಿ ಅಗಿದು ನುಂಗಿದ.

"ಕಡಿ ಅವನನ್ನ!"

ಸಾಪಾರ್ ಕತ್ತಿ ಕೆಳಗಿಟ್ಟ. "ಒಡೆಯಾ, ನಿಮ್ಮ ಉಪ್ಪು ತಿಂದ. ಈಗ ಅವನು ನಿಮ್ಮ ನೆಂಟ."

"ನಾನು ಕೊಟ್ಟೆನೇನೋ? ಕದ್ದು ತಿಂದ!"

"ಬಿಚ್ಚಿದ ಗಂಟು ಎದುರಿಗೆ ಬಂದವರನ್ನೆಲ್ಲ ಕರೆಯುತ್ತದೆ. ಬಿಚ್ಚಿಸಿದವರು ನೀವು."

ಖಾನ ತನ್ನ ಕತ್ತಿಯನ್ನೇ ಹಿರಿದ. ಹುಡುಗನ ಕುತ್ತಿಗೆಯ ಮೇಲೆ ಎತ್ತಿದ. ಕೈ ಅಲ್ಲೇ ನಿಂತಿತು. ಸುತ್ತ ಕೂತಿದ್ದ ಬುಡಕಟ್ಟಿನ ಹಿರಿಯರೆಲ್ಲ ಎದ್ದು ನಿಂತಿದ್ದರು. ನೆಂಟನನ್ನು ಕೊಂದವನ ಗುಡಾರದಲ್ಲಿ ಮತ್ತೆ ಯಾರೂ ನೀರು ಮುಟ್ಟುವುದಿಲ್ಲ, ಅವನ ಹೆಣವನ್ನೂ ಎತ್ತುವುದಿಲ್ಲ. ಆದರೆ ಹಿರಿದ ಕತ್ತಿ ರಕ್ತ ಕುಡಿಯದೆ ಒರೆಗೆ ಹೋಗಬಾರದು ಅಂತ ಖಾನನ ವಂಶದ ಆಣೆ. ಅವನು ಹಲ್ಲು ಕಚ್ಚಿ ಕತ್ತಿಯನ್ನು ಎಡಗೈಗೆ ತೆಗೆದುಕೊಂಡು ತನ್ನ ಬಲಗೈ ಹೆಬ್ಬೆರಳನ್ನೇ ಕತ್ತರಿಸಿ ಹಾಕಿದ. ಆ ಕೈ ಮತ್ತೆಂದೂ ಕತ್ತಿ ಹಿಡಿಯಲಿಲ್ಲ.

"ರೊಟ್ಟಿ ಉಪ್ಪು. ಅದೇ ಉತ್ತರ," ರಕ್ತ ಸುರಿಯುತ್ತಿದ್ದಂತೆ ಖಾನ ಅಂದ. "ಏನು ಬೇಕು ಕೇಳು. ಹೊನ್ನಿನ ಬಣ್ಣದ ಕುದುರೆಯೋ? ಒಂಟೆ ಹಿಂಡೋ?"

"ಈ ರೊಟ್ಟಿ ಬೇಯಿಸಿದವಳನ್ನು ಕೊಡಿ."

ಒಲೆಯ ಹಿಂದಿನಿಂದ ಮಸಿ ಮೆತ್ತಿದ ಒಬ್ಬ ಹೆಂಗಸು ಬಂದಳು. ಈಟಿ ನೋಡಲಿಲ್ಲ, ಖಾನನನ್ನು ನೋಡಲಿಲ್ಲ. ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಆಮೇಲೆ ಅವಳ ಕಣ್ಣು ಕೆಳಗೆ ಹೋಯಿತು.

"ರೊಟ್ಟಿ ಚೂರು ನೆಲಕ್ಕೆ ಚೆಲ್ಲಿದ್ದೀಯಲ್ಲೋ! ತುಳಿದಾರು, ಎತ್ತು!"

ಗಾರ್ಲಿ ಬಗ್ಗಿದ. ಸಾಪಾರ್ ಬಗ್ಗಿದ. ಹಿರಿಯರು ಬಗ್ಗಿದರು. ಕೊನೆಗೆ ಯಾರಿಗೂ ಬಗ್ಗದ ಬೆಕ್‌ದುರ್ದಿ ಖಾನನೂ ಮಂಡಿಯೂರಿ, ಎಡಗೈಯಿಂದ ಒಂದು ಚೂರು ಹೆಕ್ಕಿ ಕಣ್ಣಿಗೊತ್ತಿಕೊಂಡ.

ನಾನೂ ನನ್ನ ಗಂಟು ಬಿಚ್ಚಿಟ್ಟಿದ್ದೇನೆ. ಬೇಕಾದವರು ಮುರಿದುಕೊಳ್ಳಿ, ಚೂರು ಮಾತ್ರ ಚೆಲ್ಲಬೇಡಿ.