ನೀರೊಲ್ಲದವ್ವನ ದಿಣ್ಣೆ

ಕೋಡಿಗಲ್ಲು ದುರ್ಗದ ಹಾಳುಬಾಗಿಲನ್ನು ಬಲಕ್ಕೆ ಬಿಟ್ಟು ಹಳೇ ಊರಿನ ದಾರಿ ಹಿಡಿದರೆ ಕೆಮ್ಮಣ್ಣಿನ ಒಂದು ದಿಣ್ಣೆ ಸಿಗುತ್ತದೆ. ಮೇಲೊಂದು ಮುದಿ ಹೊಂಗೆಮರ, ಅದರ ನೆರಳಿಗೆ ಮೊಳಕಾಲೆತ್ತರದ ಗುಡಿ. ಗುಡಿಯೊಳಗೆ ವಿಗ್ರಹವಿಲ್ಲ, ಬೋರಲಾಗಿ ಮಗುಚಿಟ್ಟ ಮಣ್ಣಿನ ಕೊಡವೊಂದಿದೆ, ಅಷ್ಟೆ. ಮುಂದೆ ಚಾಪೆಯಗಲದ ಬರಿ ನೆಲ, ಆ ನೆಲವನ್ನು ನಟ್ಟನಡುವೆ ಪಾಲು ಮಾಡಿದ ಹಾಗೆ ಒಂದು ಸಾಲು ಗುಂಡುಕಲ್ಲು. ಕಡುಬೇಸಿಗೆಯಲ್ಲಿ ಹೋದವರಿಗೆ ಇಲ್ಲಿ ನೋಡುವುದಕ್ಕೇನಿದೆ ಅನ್ನಿಸಿದರೆ ಅವರ ತಪ್ಪಲ್ಲ. ಅಭಿಷೇಕವಿಲ್ಲ, ತೀರ್ಥವಿಲ್ಲ. ಕೈಯಲ್ಲಿ ನೀರಿನ ಬಾಟಲಿ ಹಿಡಿದು ಹತ್ತಿದರಂತೂ ಪೂಜಾರಿ ಕಾಟಯ್ಯ ದೂರದಿಂದಲೇ ಕೂಗುತ್ತಾನೆ: “ಸ್ವಾಮೀ, ಮುಚ್ಚಳ ಬಿಗಿ ಮಾಡ್ಕೊಂಡು ಬನ್ನಿ! ನಮ್ಮವ್ವನಿಗೆ ನೀರಾಗಲ್ಲ!” ಹಾಗಾದರೆ ನಿಮ್ಮವ್ವನಿಗೆ ಸ್ನಾನ ಮಾಡಿಸುವವರು ಯಾರಪ್ಪಾ ಎಂದು ಕೆಣಕಿದರೆ, “ಅದನ್ನ ಮಳೆರಾಯ ನೋಡ್ಕೋತಾನೆ, ನಿಮಗ್ಯಾಕೆ?” ಎನ್ನುತ್ತಾನೆ.

ಹಿಂದೆ ಒಮ್ಮೆ, ದುರ್ಗದಲ್ಲಿ ನಾಯಕರು ಆಳುತ್ತಿದ್ದ ಕಾಲಕ್ಕೆ, ಈ ದಿಣ್ಣೆ ಒಂದು ಮನೆಯ ಹಿತ್ತಿಲಾಗಿತ್ತು ಎನ್ನುತ್ತಾರೆ. ಮನೆ ಕೋಟೆ ಕಾವಲಿನ ಬೋರಣ್ಣನದು. ಮನೆಯಲ್ಲಿ ಅವನ ತಾಯಿ ತಿಪ್ಪಕ್ಕ, ಹೊಸದಾಗಿ ಬಂದ ಹೆಂಡತಿ ಹೊನ್ನಾಜಿ. ಒಮ್ಮೆ ನಾಯಕನ ಕೆಲಸದ ಮೇಲೆ ಘಟ್ಟದ ಸೀಮೆಗೆ ಹೋದವರೆಲ್ಲ ಮೆಣಸು, ಏಲಕ್ಕಿ ಕಟ್ಟಿಕೊಂಡು ಬಂದರೆ, ಬೋರಣ್ಣ ಹೆಂಡತಿಗೆಂದು ರುಮಾಲಿನ ಸೆರಗಿನಲ್ಲಿ ಒಂದು ಹಿಡಿ ಒರಟು ಗೆಡ್ಡೆ ತಂದ. ತಿಪ್ಪಕ್ಕ ಮೂಸಿ ನೋಡಿ, “ಶುಂಠಿಯನ್ನಾದರೂ ತಂದಿದ್ದರೆ ಸಾರಿಗಾಗುತ್ತಿತ್ತಲ್ಲೋ ಮಗನೇ” ಎಂದಳಂತೆ. ಅದು ನೆಲಸಂಪಿಗೆಯ ಗೆಡ್ಡೆ. ಮುಂಗಾರಿನ ಹದಕ್ಕೆ ಗಂಡಹೆಂಡಿರು ಹೊಂಗೆಯ ಕೆಳಗೆ ನೆಲ ಅಗೆದು, ಮರಳು ಬೆರೆಸಿ, ಕೊಳೆತ ಗೊಬ್ಬರವನ್ನು ಪುಡಿ ಮಾಡಿ ಹಾಕಿ, ಗೆಡ್ಡೆಗಳನ್ನು ಮುರಿದು ಬೆರಳಾಳದಲ್ಲಿ ಮಲಗಿಸಿ ಮೇಲೆ ಮಣ್ಣೆಳೆದರು. ಮಳೆಗಾಲವಿಡೀ ಎಲೆ ಬಂತು. ಮೇಲೆ ಬೂದುಗೆರೆಯ ಹಸಿರು, ಮಗುಚಿದರೆ ನೇರಳೆ. ಚಳಿ ಬಿದ್ದದ್ದೇ ತಡ, ಎಲೆಯೆಲ್ಲ ಹಳದಿಯಾಗಿ ನೆಲಕ್ಕೊರಗಿತು. ಅದೇ ಸಮಯಕ್ಕೆ ದಂಡಿನ ಕರೆಯೂ ಬಂತು. ಹೊರಡುವ ಬೆಳಿಗ್ಗೆ ಬೋರಣ್ಣ ಹಿತ್ತಿಲಿಗೆ ಬಂದು ಹೆಂಡತಿಗೆ ಹೇಳಿದನು: “ಹೊನ್ನಿ, ಇದು ಸತ್ತಿಲ್ಲ, ಮಲಗಿದೆ. ಮೊದಲ ಮಳೆ ಬೀಳೋವರೆಗೂ ತೊಟ್ಟು ನೀರು ಹಾಕಬೇಡ, ಕೆದಕಿ ನೋಡಬೇಡ. ತಾನಾಗೇ ಹೂವಾಗಿ ಏಳುತ್ತೆ.”

ದಂಡು ಮರಳಿತು. ಬೋರಣ್ಣ ಮರಳಲಿಲ್ಲ. ಬಂದವರು ಅವನ ರುಮಾಲನ್ನು ತಾಯಿಯ ಮಡಿಲಿಗೆ ಹಾಕಿ ತಲೆ ತಗ್ಗಿಸಿ ನಿಂತರು. ದೇಹ ಯಾವ ಹಳ್ಳದ ಪಾಲಾಯಿತೋ ಹೇಳುವವರಿರಲಿಲ್ಲ. ಸತ್ತವರಿಗೆ ಬಾಯಾರಬಾರದೆಂದು, ಹೂತ ಗುಡ್ಡೆಯ ಮೇಲೆ ವರ್ಷ ತುಂಬುವವರೆಗೆ ದಿನವೂ ಕೊಡ ನೀರು ಹೊಯ್ಯುವುದು ಅವರ ಕುಲದ ಪದ್ಧತಿ. ತಿಪ್ಪಕ್ಕನಿಗೆ ನೀರು ಹೊಯ್ಯಲು ಗುಡ್ಡೆಯೇ ಇಲ್ಲ. ಕಡೆಗೆ ಆ ತಾಯಿ ಮಗನ ಕೈ ಆಡಿದ ಮಣ್ಣನ್ನೇ ಹುಡುಕಿಕೊಂಡಳು. ಬಾವಿಯಿಂದ ಕೊಡ ಹೊತ್ತು ತಂದು ಹೊಂಗೆಯ ಕೆಳಗಿನ ಬರಿ ನೆಲಕ್ಕೆ ಹೊಯ್ದಳು. ಹೊನ್ನಾಜಿ ಓಡಿ ಬಂದಳು. ಗಂಡ ಬಿಟ್ಟು ಹೋದದ್ದು ಆ ಗೆಡ್ಡೆ, ಆ ಒಂದು ಮಾತು. ಅದೂ ಕೊಳೆತುಹೋದರೆ ಅವಳಿಗೆ ಉಳಿಯುವುದೇನು? “ಅತ್ತೆಮ್ಮ, ಬೇಡಿ. ನೀರು ಬಿದ್ದರೆ ಕೊಳೆಯುತ್ತೆ” ಎಂದು ಕಾಲು ಹಿಡಿದಳು. “ಸತ್ತ ಮಗನಿಗೆ ಒಂದು ಕೊಡ ನೀರು ಹೊಯ್ಯೋಕೂ ನಿನ್ನ ಅಪ್ಪಣೆ ಬೇಕೇನೇ?” ಎಂದಳು ತಿಪ್ಪಕ್ಕ. ಮರುದಿನ ಹೊನ್ನಾಜಿ ಆ ನೆಲದ ಮೇಲೆ ಅಂಗಾತ ಮಲಗಿ, “ಹೊಯ್ಯೋದಾದರೆ ನನ್ನ ಮೇಲೆ ಹೊಯ್ಯಿರಿ” ಎಂದಳು. ಮುದುಕಿ ಕೊಡ ಇಳಿಸಿ, ಬೇಲಿ ಬದಿಯ ಗುಂಡುಕಲ್ಲು ಒಂದೊಂದಾಗಿ ಆಯ್ದು ತಂದು ನೆಲದ ನಡುವೆ ಸಾಲಿಟ್ಟಳು. “ತಗೋ, ಪಾಲಾಯಿತು. ನಿನ್ನದನ್ನ ನೀನು ಒಣಗಿಸಿಕೋ. ನನ್ನ ಪಾಲಿನ ಮಗನಿಗೆ ನಾನು ನೀರು ಕೊಡ್ತೀನಿ.”

ಊರು ಸುಮ್ಮನಿದ್ದೀತೆ? ಗಂಡನಿಗೆ ನೀರು ಬಿಡದವಳು ಎಂದು ಹೆಂಗಸರು ಹೊನ್ನಾಜಿಯ ಕೊಡಕ್ಕೆ ತಮ್ಮ ಕೊಡ ತಾಗಿಸುವುದನ್ನೂ ಬಿಟ್ಟರು. ಬಾವಿಕಟ್ಟೆಗೆ ಅವಳು ಬಂದಾಗಲೆಲ್ಲ, “ದಾರಿ ಬಿಡ್ರವ್ವ, ನೀರೊಲ್ಲದವ್ವ ಬಂದಳು! ನೀರೊಲ್ಲದವಳಿಗೆ ಹಗ್ಗ ಯಾಕೆ, ಕೊಡ ಯಾಕೆ?” ಎಂದು ನಗುತ್ತಿದ್ದರಂತೆ. ಬಿಸಿಲು ಏರಿತು. ಕಲ್ಲಿನ ಆಚೆ ತಿಪ್ಪಕ್ಕನ ಪಾಲು ತಂಪಾಗಿ ಕಪ್ಪಗಿತ್ತು. ಈಚೆ ಹೊನ್ನಾಜಿಯ ಪಾಲು ಬಿರುಕು ಬಿಟ್ಟಿತ್ತು. ಆ ಬಿರುಕು ನೋಡುವಾಗ ಅವಳಿಗೂ ಅನುಮಾನ ಹುಟ್ಟಿತು. ಒಂದು ಗೆಡ್ಡೆ ಕೆದಕಿ ನೋಡಿಬಿಡಲೇ ಎಂದು ಬೆರಳು ಮಣ್ಣಿಗಿಟ್ಟು, ಗಂಡನ ಮಾತು ನೆನೆದು ಹಿಂದಕ್ಕೆಳೆದುಕೊಳ್ಳುತ್ತಿದ್ದಳು.

ಕೊನೆಗೆ ಒಂದು ಸಂಜೆ ಗುಡುಗು ಬಂದು ನಾಲ್ಕು ಹನಿ ಉದುರಿತು. ಬೆಳಗಾದಾಗ ಹಿತ್ತಿಲಿಗೆ ಬಂದ ತಿಪ್ಪಕ್ಕ ಕೊಡ ಹಿಡಿದವಳು ಹಾಗೇ ನಿಂತಳು. ಹೊನ್ನಾಜಿಯ ಬಿರುಕು ನೆಲದಿಂದ ಎಲೆಯಿಲ್ಲ, ಕಾಂಡವಿಲ್ಲ, ಹೂವಷ್ಟೇ ಎದ್ದಿತ್ತು. ಬಿಳಿಯ ಎಸಳು, ನಡುವೆ ನೇರಳೆಯ ನಾಲಗೆ, ಹಿತ್ತಿಲ ತುಂಬ ಪರಿಮಳ. ಮುದುಕಿ ತನ್ನ ಪಾಲಿನ ಮುಂದೆ ಕುಸಿದು ಮಣ್ಣಿಗೆ ಕೈಹಾಕಿದಳು. ಬೆರಳಿಗೆ ಬಂದದ್ದು ಲೋಳೆ, ಮೂಗಿಗೆ ಬಂದದ್ದು ಕೊಳೆತ ವಾಸನೆ. “ಬಾಯಾರಿಕೆ ಅಂತ ಹೊಯ್ದೆನಲ್ಲೇ ಹೆಣ್ಣೇ… ನಾನೇ ಅಲ್ಲವೇನೇ ಕೊಳೆಸಿದ್ದು…” ಎಂದಳು. ಆ ಗಳಿಗೆಯಲ್ಲಿ ಹೊನ್ನಾಜಿ ಏನು ಬೇಕಾದರೂ ಆಡಬಹುದಿತ್ತು. ಅತ್ತೆಯ ಕೈಯನ್ನು ತನ್ನ ಸೆರಗಿನಲ್ಲಿ ಒರೆಸಿ, “ನನ್ನ ಪಾಲಿನ ಗೆಡ್ಡೆ ಮುರಿದು ನಿಮ್ಮ ಪಾಲಿಗೂ ನೆಡೋಣ, ಅತ್ತೆಮ್ಮ. ಎಲೆ ಒಣಗಿದ ಮೇಲೆ ಮಾತ್ರ ಈ ಕೊಡ ಬೋರಲಿರಲಿ” ಎಂದಳು. ತಿಪ್ಪಕ್ಕ ಆಗಲೇ ಕೊಡದ ನೀರನ್ನು ಎಮ್ಮೆಯ ಬಾನಿಗೆ ಸುರಿದು ಬಂದು, ತನ್ನ ಕೈಯಾರೆ ಕೊಡವನ್ನು ಮಗುಚಿಟ್ಟಳು. ಮಗನಿಗಾಗಿ ಅವಳು ಬಾಯಿಬಿಟ್ಟು ಅತ್ತದ್ದು ಅಂದೇ ಎನ್ನುತ್ತಾರೆ. ಮುಂದಿನ ವರ್ಷದಿಂದ ನಕ್ಕ ಹೆಂಗಸರೇ ಗೆಡ್ಡೆ ಬೇಡಿಕೊಂಡು ಬಂದರು. ಹೇಗೆ ನೆಡಬೇಕೆಂದು ಕೇಳಿದವರಿಗೆ, “ನೀರೊಲ್ಲದವ್ವನನ್ನ ಕೇಳಿ” ಎಂದು ತಿಪ್ಪಕ್ಕನೇ ಸೊಸೆಯನ್ನು ತೋರಿಸುತ್ತಿದ್ದಳಂತೆ.

ಮನೆ ಬಿದ್ದು, ಊರು ಕೆರೆಯ ಆಚೆಗೆ ಸರಿದು ಎಷ್ಟೋ ಕಾಲವಾಯಿತು. ಮೊದಲ ಗುಡುಗಿನ ಮರುದಿನ ಹೋದವರಿಗೆ ದಿಣ್ಣೆಯ ಮೇಲೆ ಹೂ ಕಾಣುತ್ತದೆ, ಕಲ್ಲಿನ ಈಚೆಗೂ, ಆಚೆಗೂ. ಸಾಲನ್ನು ಮಾತ್ರ ಯಾರೂ ಕದಲಿಸಿಲ್ಲ. ಆ ವರ್ಷ ತಮ್ಮವರನ್ನು ಕಳೆದುಕೊಂಡ ಹೆಂಗಸರು ಈಗಲೂ ಬರುತ್ತಾರೆ. ತುಂಬಿದ ಕೊಡವನ್ನು ದಿಣ್ಣೆಯ ಕೆಳಗಿನ ದನದ ತೊಟ್ಟಿಗೆ ಸುರಿದು, ಬರಿಗೊಡ ಹಿಡಿದು ಮೇಲೆ ಹತ್ತಿ, ಬರಿ ನೆಲದ ಅಂಚಿನಲ್ಲಿ ಅದನ್ನು ಬೋರಲಿಟ್ಟು ಕೂರುತ್ತಾರೆ. ಆಗ ಕಾಟಯ್ಯ ಯಾರನ್ನೂ ಕೂಗುವುದಿಲ್ಲ.