ಕಡಲ ಮೇಲೆ ಬಂದ ಕಾಗೆ

"ಗುರುಗಳೇ, ತಂದೆ ಕಾಲವಾದ ಮೇಲೆ ಅವರ ತಿಥಿಯನ್ನು ಎಲ್ಲಿ ಮಾಡಿದರೆ ಶ್ರೇಷ್ಠ? ಕಾಶಿಯಲ್ಲೋ, ರಾಮೇಶ್ವರದಲ್ಲೋ?" ಎಂದು ಶಿಷ್ಯ ಹಯವದನ ಕೇಳಿದ. ಅವನ ತಂದೆ ವರ್ಷದಿಂದ ಹಾಸಿಗೆ ಹಿಡಿದಿದ್ದರು, ಇನ್ನೂ ಬದುಕಿದ್ದರು.

"ಬಹಳ ಮುಂದಾಲೋಚನೆಯಪ್ಪ ನಿನ್ನದು. ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಬಟ್ಟೆ ವರ್ತಕ ಹಡಗಿನಲ್ಲಿ ಎಂಟು ದಿನದ ವಿಹಾರಕ್ಕೆ ಹೊರಟ. ಟಿಕೆಟ್ ಕೊಡುವವನು, "ಒಳಗಡೆಯ ಕೋಣೆ ಸಾಲದೇ? ಮಲಗುವುದಕ್ಕೆ ತಾನೇ" ಎಂದ. "ಕಿಟಕಿಯೂ ಇಲ್ಲದ ಕೋಣೆಯಲ್ಲಿ ಮನುಷ್ಯರು ಇರುತ್ತಾರೇನಯ್ಯ?" ಎಂದು ವರ್ತಕ ನಕ್ಕ. ಬಾಲ್ಕನಿ ಇರುವ ಕೋಣೆಯನ್ನೇ ಹಿಡಿದ. ಪ್ರಯಾಣದ ನಾಲ್ಕನೆಯ ದಿನ ಅವನ ತಂದೆಯ ತಿಥಿ. ಕಾಗೆಗೆ ಎಲೆ ಇಡಲು ಬಯಲು ಬೇಕಿತ್ತು.

ಆ ತಂದೆ ಕೊನೆಯ ಏಳು ವರ್ಷ ಮಲಗಿದ್ದು ಮನೆಯ ಮೆಟ್ಟಿಲ ಕೆಳಗಿನ ಉಗ್ರಾಣದಲ್ಲಿ, ಬಟ್ಟೆಯ ಗಂಟುಗಳ ನಡುವೆ. ಊಟದ ಎಲೆ ಅಲ್ಲಿಗೇ ಹೋಗುತ್ತಿತ್ತು.

ತಿಥಿಯ ದಿನ ವರ್ತಕ ಮಿಂದು, ಉಪವಾಸವಿದ್ದು, ಬಾಲ್ಕನಿಯಲ್ಲಿ ಅನ್ನ, ವಡೆ, ಪಾಯಸ ಬಡಿಸಿದ ಎಲೆ ಇಟ್ಟ. ನಡುಗಡಲಲ್ಲಿ ಕಾಗೆ ಎಲ್ಲಿಂದ ಬರಬೇಕು? ಆದರೂ ಒಂದು ಬಂತು. ಕಂಬಿಯ ಮೇಲೆ ಕೂತು ಎಲೆಯನ್ನು ನೋಡಿತು, ಮುಟ್ಟಲಿಲ್ಲ.

ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಅದನ್ನು ನಡೆಸಿಕೊಡುತ್ತೇವೆ ಎಂದು ಮಾತು ಕೊಡಬೇಕು. ವರ್ತಕ ಕೈಮುಗಿದ. "ಅಪ್ಪಾ, ನಿನ್ನ ಹೆಸರಿನಲ್ಲಿ ಅನ್ನದಾನ ಮಾಡಿಸುತ್ತೇನೆ. ಛತ್ರ ಕಟ್ಟಿಸುತ್ತೇನೆ. ಉಣ್ಣು."

ಕಾಗೆ ಕೆಳಗಿಳಿಯಿತು. ಎಲೆಯನ್ನು ಸುತ್ತುಹಾಕಿ, ಅವನ ಕಾಲ ಪಕ್ಕದಲ್ಲೇ ನಡೆದು ಕೋಣೆಯೊಳಗೆ ಹೋಯಿತು. ಅಲ್ಲಿ ಬಟ್ಟೆ ಇಡುವ ಬೀರುವಿನ ಬಾಗಿಲು ತುಸು ತೆರೆದಿತ್ತು. ಅದರ ಕತ್ತಲೆಯೊಳಗೆ ಹೊಕ್ಕಿತು. ಒಳಗಿನಿಂದ ಒಂದು ಒಣಕೆಮ್ಮು ಕೇಳಿಸಿತು. ಏಳು ವರ್ಷ ಮೆಟ್ಟಿಲ ಕೆಳಗಿನಿಂದ ಕೇಳಿದ ಕೆಮ್ಮು ಅದು. ವರ್ತಕ ಎಲೆಯನ್ನು ತಂದು ಬೀರುವಿನೊಳಗೆ ಇಟ್ಟು ಬಾಗಿಲು ಮುಚ್ಚಿದ. ಒಳಗೆ ಯಾರೋ ನಿಧಾನವಾಗಿ ಉಣ್ಣುವ ಸದ್ದು. ಹಲ್ಲಿಲ್ಲದವರು ಉಣ್ಣುವ ಹಾಗೆ.

ಸದ್ದು ನಿಂತ ಮೇಲೆ ತೆರೆದು ನೋಡಿದ. ಕಾಗೆ ಇರಲಿಲ್ಲ. ಬರಿದಾದ ಎಲೆ ಮೂರು ಮಡಿಕೆಯಾಗಿ ಮಡಚಿಟ್ಟಿತ್ತು, ಅಪ್ಪ ಮಡಚುತ್ತಿದ್ದಂತೆಯೇ. ಉಳಿದ ದಿನ ವರ್ತಕ ಬಾಲ್ಕನಿಗೆ ಕಾಲಿಡಲಿಲ್ಲ. ಆ ಬೀರುವಿನ ಎದುರಿಗೇ ಕೂತಿದ್ದ.

"ಹಾಗಾದರೆ ನಾನು ತಿಥಿಯನ್ನು ಎಲ್ಲಿ ಮಾಡಲಿ?" ಎಂದ ಹಯವದನ.

"ಅದಿರಲಿ, ನಿನ್ನ ತಂದೆ ಈಗ ಮಲಗಿರುವ ಕೋಣೆಗೆ ಕಿಟಕಿ ಇದೆಯೇ?" ಎಂದರು ಗುರುಗಳು.